ನಿಧಾನಮ್ಮನ ಕೊಂಬೆ

ಅಕ್ಕಾ,

ಬೆರಳೆಣಿಕೆಯಷ್ಟೇ ಉಳಿದಿರುವ ಜಾತಿಯ ನಮ್ಮ ಮೃಗಾಲಯದ, ಮರಕ್ಕೆ ಜೋತುಬಿದ್ದೇ ಬದುಕುವ ಸ್ಲಾತ್, ನೀನೇ ಹೆಸರಿಟ್ಟ ನಿಧಾನಮ್ಮ, ಹೋದಳು. ಕೊಂಬೆಗೆ ಜೋತುಬಿದ್ದೇ ಇದ್ದಳು. ಮಲಗಿದ್ದಾಳೆಂದುಕೊಂಡು ನಿನ್ನೆಯೂ ಎಲೆ ಇಟ್ಟು ಬಂದೆ.

“ನಿನ್ನ ಪ್ರಾಣೀನೂ ನನ್ನ ಲ್ಯಾಬಿನ ಶಿಲೀಂಧ್ರಾನೂ ಒಂದೇ ಕಣೋ, ಹಿಡಿದ ಮರ ಬಿಡಲ್ಲ,” ಎಂದು ನಗುತ್ತಿದ್ದೆಯಲ್ಲ, ಅದು ಅರ್ಧ ನಿಜ. ನಿನ್ನದು ಒಂದು ಮರ ಒಣಗಿಸಿ ಇನ್ನೊಂದಕ್ಕೆ ಹೋಗುತ್ತದೆ. ಇವಳು ಎಷ್ಟು ಪುಸಲಾಯಿಸಿದರೂ ಅದೇ ಶಿಲೀಂಧ್ರ ತಗುಲಿ ಒಣಗಿದ ಮರದಿಂದ ಇಳಿಯಲಿಲ್ಲ.

ರೋಗದ ಮರ ಕಡಿದು ಸುಡಬೇಕೆಂದು ಮರರೋಗದ ಅಧಿಕಾರಿಯಾಗಿ ನೀನು ಹೊರಡಿಸಿದ ಆದೇಶ ತಲುಪಿದೆ. ತಕರಾರಿಲ್ಲ. ಕೊಂಬೆ ಸಮೇತ ಹೂಳಿದರೆ ರೋಗ ಮಣ್ಣಿಗಿಳಿಯುತ್ತದೆ, ಅದೂ ಗೊತ್ತು. ಅವಳನ್ನೂ ಕೊಂಬೆಯ ಜೊತೆಗೇ ಸುಡಲು ಅನುಮತಿ ಬರೆದು ಕಳಿಸು. ಬಿಗಿಹಿಡಿದ ಉಗುರು ಬಿಡಿಸಲು ನನ್ನ ಕೈಲಾಗುತ್ತಿಲ್ಲ.

ನಿನ್ನ ತಮ್ಮ