ಮಲ್ಪೆಯಲ್ಲಿ ತೆಗೆದ ನಿಮ್ಮ ಫೋಟೋಗಳು

ಅತ್ತೀ,

ಡಿಸೆಂಬರ್ ರಜೆಯಲ್ಲಿ ಮಲ್ಪೆಯ ದಂಡೆ ಮೇಲೆ ನೀವು ತಲೆಯ ಸೆರಗು ಇಳಿಸಿ ನಿಂತಿದ್ದು ನೆನಪಿದೆಯಾ? ಗಾಳಿಗೆ ಕೂದಲೆಲ್ಲ ಹಾರುತ್ತಿತ್ತು. "ಗಿರಿಜಾ, ನಂದೊಂದು ಫೋಟೋ ತೆಗಿಯವ್ವ" ಅಂದಿರಿ. ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ನಿಮ್ಮ ಮಗನ ಮುಖ ನೋಡಿದೆ. ಅವರೂ ಹಾಗೇ ನಿಂತುಬಿಟ್ಟಿದ್ದರು. ನಾನು ಸೊಸೆಯಾಗಿ ಬಂದಾಗಿನಿಂದ ನೀವು ಒಂದು ಫೋಟೋಕ್ಕೂ ನಿಂತವರಲ್ಲ. ಬಾಯಿ ಸುತ್ತ, ಕಣ್ಣಿನ ಕೆಳಗೆ, ಕೈಗಳ ಮೇಲೆ ಹರಡಿದ್ದ ಬಿಳಿ ತೊನ್ನನ್ನು ಯಾರಾದರೂ ನೋಡಿಯಾರೆಂದು, ಎಂಥ ಹತ್ತಿರದವರ ಮದುವೆಯಲ್ಲೂ ಉಗ್ರಾಣದಲ್ಲೇ ಕೂತು ಬರುತ್ತಿದ್ದಿರಿ. ನಮ್ಮ ಮದುವೆಯ ಆಲ್ಬಮ್ಮಿನಲ್ಲೂ ನೀವಿಲ್ಲ. ಒಂದು ಕಡೆ ಬಾಗಿಲ ಮರೆಯಲ್ಲಿ ನಿಮ್ಮ ಸೀರೆಯ ಅಂಚು ಕಾಣುತ್ತದೆ, ಅಷ್ಟೇ.

ನಾನು ಫೋನ್ ಎತ್ತಿದಾಗ ಕೈ ಅಡ್ಡ ಹಿಡಿದಿರಿ. "ಅದು ಬ್ಯಾಡ. ಅದ್ರಾಗೆ ತೆಗೆದ್ರೆ ಊರಿಗೆಲ್ಲ ಕಳಿಸ್ತೀರಿ. ಕ್ಯಾಮೆರಾದಾಗೆ ತೆಗಿ, ಮನೆಯಾಗೆ ಇರ್ತೈತೆ." ನಿಮ್ಮ ಮಗ ತಮ್ಮ ಹಳೇ ಕ್ಯಾಮೆರಾ ಬ್ಯಾಗಿಗೆ ಹಾಕಿಕೊಂಡಿದ್ದು ಒಳ್ಳೆಯದಾಯಿತು ಅಂದುಕೊಂಡೆ. ನಿಮ್ಮ ಮೊಮ್ಮಗಳು ಸಿರಿ ನಿಮ್ಮ ಕೈ ಹಿಡಿದು ನೀರಿಗೆ ಎಳೆದಳು. ಅಲೆ ಮೊಣಕಾಲಿಗೆ ಬಡಿದಾಗ ನೀವು ಬಾಯಿತುಂಬ ನಕ್ಕಿರಿ. ನಾನು ತೆಗೆಯುತ್ತಲೇ ಇದ್ದೆ. "ಇಲ್ಲಿ ನನ್ನ ಗುರುತು ಯಾರಿಗೈತೆ, ತೆಗಿ ತೆಗಿ" ಅಂದಿರಿ. ಆ ನಗು ಮನೆಯಲ್ಲಿ ಯಾಕೆ ಯಾವತ್ತೂ...

ಊರಿಗೆ ಬರುವಾಗ ಕಾರಿನಲ್ಲಿ ಕ್ಯಾಮೆರಾ ನಿಮ್ಮ ಕೊರಳಲ್ಲೇ ಇತ್ತು. ಮತ್ತೆ ಮತ್ತೆ ಮೊಮ್ಮಗಳ ಕೈಲಿ ಫೋಟೋ ಹಾಕಿಸಿಕೊಂಡು ನಿಮ್ಮನ್ನು ನೀವೇ ನೋಡುತ್ತಿದ್ದಿರಿ. ಉಕ್ಕಡಗಾತ್ರಿಯಲ್ಲಿ ಇಳಿದು ಅಜ್ಜಯ್ಯನ ಗದ್ದುಗೆಗೆ ಕೈಮುಗಿದು ಹೋಗೋಣ ಎಂದವರೂ ನೀವೇ. ಹೊಳೆಯ ಮೆಟ್ಟಿಲ ಮೇಲೆ ಬಗ್ಗಿ ನೀರನ್ನು ಕಣ್ಣಿಗೆ ಹಚ್ಚಿಕೊಳ್ಳುವಾಗ ಕ್ಯಾಮೆರಾದ ಪಟ್ಟಿ ತಲೆ ಮೇಲಿಂದ ಜಾರಿತು. ನಿಮ್ಮ ಮಗ ಬಟ್ಟೆ ಸಮೇತ ಎದೆಮಟ್ಟ ಇಳಿದು, ಕಾಲಿನಲ್ಲಿ ತಡಕಾಡಿ ಅದನ್ನು ಎತ್ತಿದರು. ಎತ್ತಿದವರೇ ಒರೆಸಿ, ಗಾಬರಿಯಲ್ಲಿ ಆನ್ ಮಾಡಿಬಿಟ್ಟರು. ಒಳಗೆ ಹಸಿ ಇರುವಾಗ ಹಾಗೆ ಮಾಡಬಾರದಂತೆ. ನಮಗೇನು ಗೊತ್ತಿತ್ತು? ಒಮ್ಮೆ ಬೆಳಕು ಬಂದು ಆರಿಹೋಯಿತು. ನೀವು ಸೆರಗನ್ನು ಮತ್ತೆ ತಲೆ ಮೇಲೆ ಎಳೆದುಕೊಂಡು, "ಹೋಗ್ಲಿ ಬಿಡ್ರಪ್ಪ. ನನ್ನ ಮಾರಿ ಉಳಿಬಾರ್ದು ಅಂತ ಐತೇನೋ" ಅಂದಿರಿ.

ದಾವಣಗೆರೆಗೆ ಬಂದ ಮೇಲೆ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆವು. ಆಮೇಲೆ ರಿಪೇರಿ ಅಂಗಡಿಗೆ ಕೊಟ್ಟೆವು. ಅವನು ಬಿಚ್ಚಿ ನೋಡಿ, "ಕ್ಯಾಮೆರಾ ಬಿಡ್ರಿ, ಕಾರ್ಡೂ ಸುಟ್ಟೈತೆ. ಬೆಂಗಳೂರಿಗೆ ಕಳಿಸಿ ನೋಡಾಣ್ರಿ" ಎಂದ. ಸರಸ್ವತಿ ನಗರದ ನಮ್ಮ ಮನೆಯಲ್ಲಿ ನೀವು ಸೊಪ್ಪು ಸೋಸುತ್ತ, ತಲೆ ಎತ್ತದೆ, "ಅದೇನಾರ ಬಂತೇನವ್ವ" ಎಂದು ಕೇಳುತ್ತಿದ್ದಿರಿ. ಬರ್ತೈತಿ ಅತ್ತೀ ಅನ್ನುತ್ತಿದ್ದೆ. ಯುಗಾದಿಗೆ ಮೊದಲೇ ನೀವು ಎದೆ ಹಿಡಿದುಕೊಂಡು ಕೂತಿರಿ. ಆಸ್ಪತ್ರೆ ಮುಟ್ಟುವುದರೊಳಗೆ...

ನೀವು ಹೋದ ಮೇಲೆ ಶಿವಗಣಾರಾಧನೆಗೆ ಇಡಲು ನಿಮ್ಮದೊಂದು ಫೋಟೋ ಇರಲಿಲ್ಲ. ಹರಿಹರದ ನಿಮ್ಮ ತಮ್ಮ ಆಧಾರ್ ಕಾರ್ಡನ್ನೇ ಅಲ್ಲಿಯ ಸ್ಟುಡಿಯೋಕ್ಕೆ ಒಯ್ದರು. ಜೊತೆಗೆ ನಾನೂ ಹೋಗಿದ್ದೆ. ಸ್ಟುಡಿಯೋದವನು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ, "ಕಲೆ ಎಲ್ಲ ಕ್ಲೀನ್ ಮಾಡೀನಿ, ನೋಡ್ರಿ ಅಕ್ಕಾರೆ" ಅಂದ. ಇಡೀ ಮುಖ ಒಂದೇ ಬಣ್ಣ. ಒಂದು ಚುಕ್ಕೆ ಇಲ್ಲ. ನಿಮ್ಮ ತಮ್ಮ ಕಣ್ಣು ಒರೆಸಿಕೊಂಡು, "ಈಗ ಎಷ್ಟು ಚಂದ ಕಾಣ್ತಾಳೆ ನಮ್ಮಕ್ಕ" ಅಂದರು. ನೀವೇ ಇದ್ದಿದ್ದರೆ ಬೇಕು ಅನ್ನುತ್ತಿದ್ದಿರೋ, ಬೇಡ ಅನ್ನುತ್ತಿದ್ದಿರೋ? ನನಗೆ ಗೊತ್ತಾಗಲಿಲ್ಲ. ಫ್ರೇಮ್ ಹಿಡಿದುಕೊಂಡು ಬಂದೆ.

ಕಾರ್ಡು ಬೆಂಗಳೂರಿಂದ ವಾಪಸು ಬಂತು. ಏನೂ ಸಿಗಲಿಲ್ಲವಂತೆ. ನಿಮ್ಮ ಮಗ ಅಂಗಡಿಯ ಹೊರಗೆ ಬೈಕಿನ ಮೇಲೆ ಬಹಳ ಹೊತ್ತು ಕೂತಿದ್ದರು. "ನಾನು ಆನ್ ಮಾಡ್ಬಾರ್ದಿತ್ತು" ಎಂದಷ್ಟೇ ಹೇಳಿದರು. ಈಗಲೂ ಊಟದ ನಡುವೆ ಒಮ್ಮೊಮ್ಮೆ ಅದನ್ನೇ ಹೇಳುತ್ತಾರೆ. ಸಮಾಧಾನದ ಮಾತುಗಳು ನನ್ನಲ್ಲೂ ತೀರಿಹೋಗಿವೆ.

ನಿಮಗೆ ಗೊತ್ತಿಲ್ಲದ ಸುದ್ದಿ ಒಂದಿದೆ ಅತ್ತೀ. ಮೊನ್ನೆ ಶಾಲೆಗೆ ಕಳಿಸಲು ಜಡೆ ಹಾಕುವಾಗ ಸಿರಿಯ ಕಿವಿಯ ಹಿಂದೆ ಬಿಳಿ ಮಚ್ಚೆ ಕಂಡೆ. ಡಾಕ್ಟರು ನೋಡಿ, ಅದೇ ಅಂದರು. ಮುಲಾಮು ಕೊಟ್ಟಿದ್ದಾರೆ, ನಿಲ್ಲಲೂಬಹುದು, ಹರಡಲೂಬಹುದು ಅಂತೆ. ಸಿರಿ ಅಳಲಿಲ್ಲ. ಮನೆಗೆ ಬಂದವಳೇ ಗೋಡೆಯ ಮೇಲಿನ ನಿಮ್ಮ ಫೋಟೋದ ಕೆಳಗೆ ಕುರ್ಚಿ ಎಳೆದು, ಹತ್ತಿ ನಿಂತು, ಹತ್ತಿರದಿಂದ ನೋಡಿದಳು.

"ಅಮ್ಮ, ಇದ್ರಾಗೆ ಅಜ್ಜಿಗೆ ಎಲ್ಲ ಹೋಗೈತೆ. ಏನು ಹಚ್ಕೊಂತಿದ್ಲು?"

ನಾನು ಅವಳನ್ನು ಕುರ್ಚಿಯಿಂದ ಇಳಿಸಿದೆ. ಅದನ್ನೇ ದಿನಾ ಕೇಳುತ್ತಿದ್ದಾಳೆ.

ನಿಮ್ಮ ಸೊಸೆ,
ಗಿರಿಜಾ