ಗಾಲಿ ಚಿಕ್ಕದಾದರೆ

ಪೂಜ್ಯ ಮಾವನವರಿಗೆ ಸೊಸೆಯ ನಮಸ್ಕಾರಗಳು.

ನಾದಿನಿಯ ಮನೆಯಲ್ಲಿ ಆರಾಮವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಗರಗಸದ ಯಂತ್ರ ವೇಗವಾಗಿ ತಿರುಗಲೆಂದು ನೀವು ಕಳಿಸಿದ, ಮೋಟಾರಿನಿಂದ ಬರುವ ಬೆಲ್ಟ್ ಸುತ್ತುವ ಹದಿನಾಲ್ಕು ಇಂಚಿನ ಗಾಲಿ ತಲುಪಿತು. ಅದನ್ನು ಹಾಕಿಸಲಿಲ್ಲ. ಹನ್ನೆರಡು ಇಂಚಿನ ಹಳೆಯದನ್ನು ಬಿಚ್ಚಿಸಿ, ಮೂಲೆಯಲ್ಲಿದ್ದ ಹತ್ತು ಇಂಚಿನದನ್ನು ಹಾಕಿಸಿದೆ.

ಮೇಸ್ತ್ರಿ ತಲೆ ಚಚ್ಚಿಕೊಂಡರು. "ಮೋಟಾರಿನ ಗಾಲಿ ದೊಡ್ಡದು ಮಾಡಿದ್ರೆ ವೇಗ ಜಾಸ್ತಿಯಾಗಲ್ವೇನಮ್ಮ? ಇದೂ ಹಾಗೇ."

"ಅದು ತಿರುಗಿಸೋ ಗಾಲಿ. ಅದು ಹೆಚ್ಚಿದ್ರೆ ವೇಗವೂ ಹೆಚ್ಚುತ್ತೆ, ನೇರ ಅನುಪಾತ. ಇದು ಗರಗಸದ್ದು, ತಿರುಗಿಸಿಕೊಳ್ಳೋ ಗಾಲಿ. ದೊಡ್ಡದಾದಷ್ಟೂ ನಿಧಾನ, ವಿಲೋಮ ಅನುಪಾತ," ಎಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಹನ್ನೆರಡು ಇಂಚಿಗೆ ನಿಮಿಷಕ್ಕೆ ಆರುನೂರು ಸುತ್ತು, ಹತ್ತಕ್ಕೆ ಏಳುನೂರ ಇಪ್ಪತ್ತು. ಇಂಚನ್ನು ಸುತ್ತಿನಿಂದ ಗುಣಿಸಿದರೆ ಎರಡೂ ಕಡೆ ಏಳು ಸಾವಿರದ ಇನ್ನೂರೇ.

ಸ್ವಿಚ್ಚು ಒತ್ತಿದೆ. ವಾರದಿಂದ ನಿಧಾನವಾಗಿ ತಿರುಗುತ್ತಾ ತಿಣುಕುತ್ತಿದ್ದ ಗರಗಸ ಗಟ್ಟಿ ದಿಮ್ಮಿಯನ್ನು ಸರಾಗವಾಗಿ ಸೀಳಿತು. "ಮೂವತ್ತು ವರ್ಷದಲ್ಲಿ ನಂಗಿದನ್ನ ಯಾರೂ ಹೇಳ್ಲೇ ಇಲ್ವಲ್ಲ!" ಎಂದು ಮೇಸ್ತ್ರಿ ಕುಣಿದೇಬಿಟ್ಟರು. ಶಾಲೆಗೆ ಕೊಡಬೇಕಿದ್ದ ಬಾಗಿಲುಗಳೆಲ್ಲ ಹೇಳಿದ ದಿನಕ್ಕೇ ಹೋದವು.

ಈ ವಯಸ್ಸಿನಲ್ಲಿ ನಿನಗೇಕೆ ಓದು ಎಂದು ಕೇಳಿದ್ದಿರಿ. ಗುರುವಾರ ಹತ್ತನೇ ತರಗತಿಯ ಗಣಿತ ಪರೀಕ್ಷೆಗೆ ಕೂರುತ್ತಿದ್ದೇನೆ. ದಯವಿಟ್ಟು ಬುಧವಾರವೇ ಬಂದುಬಿಡಿ. ಮರುದಿನ ಮಧ್ಯಾಹ್ನದವರೆಗೆ ಕಾರ್ಖಾನೆಯನ್ನು ನೀವು ನೋಡಿಕೊಳ್ಳಬೇಕು.

ಇಂತಿ,
ನಿಮ್ಮ ಹಿರಿಸೊಸೆ