ಆಶಾಬಿಯ ಕಟ್ಟೆ ಮತ್ತು ನನ್ನ ಹೊಸ ಮೊಣಕಾಲು

ಒತ್ತುವರಿ ತೆರವು ಮಾಡಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಮನೆಯ ಮೆಟ್ಟಿಲು ಒಡೆಸಿದ್ದೀರಿ. ಎದುರುಮನೆ ಆಶಾಬಿಯ ಕಟ್ಟೆಯನ್ನೂ ಬಿಡಲಿಲ್ಲ. ಜಲನಗರದ ನಮ್ಮ ಓಣಿ ಈಗ ಅಗಲವಾಗಿದೆ, ಅಭಿನಂದನೆಗಳು. ಆದರೆ ಮೊಣಕಾಲಿನ ಕೀಲು ಬದಲಿಸಿಕೊಂಡ ನಾನು ಹೊಸ್ತಿಲಿನಿಂದ ಆ ಅಗಲವಾದ ರಸ್ತೆಗೆ ಇಳಿಯುವುದು ಹೇಗೆಂದು ಯೋಚಿಸಿದಿರಾ? ಹಾರಬೇಕಿತ್ತೇ?

ನನ್ನ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ಕೆಡಿಸಿದ್ದು ಪ್ರೀತಿ. ಘೋಣಸಗಿಯಿಂದ ಅಕ್ಕ ತಿಪ್ಪವ್ವ ಬಂದು, "ಏಳಬ್ಯಾಡ ತಂಗೀ, ನಾ ಅದೀನಲ್ಲ" ಎಂದು ನೀರನ್ನೂ ಹಾಸಿಗೆಗೇ ತಂದುಕೊಟ್ಟಳು. ನೋಡಲು ಬಂದವರೆಲ್ಲ ಅದನ್ನೇ ಹೇಳಿದರು. ನಮ್ಮಲ್ಲಿ ಕಾಯಿಲೆಯವರನ್ನು ಏಳಗೊಡದಿರುವುದೇ ದೊಡ್ಡ ಉಪಚಾರ. ಮಲಗಿ ಮಲಗಿ ಕಾಲು ಬಿಗಿದುಕೊಂಡಿತು. ಹೀಗೇ ಮಲಗಿದ್ದರೆ ಹೊಸ ಕೀಲು ಇದ್ದೂ ಇಲ್ಲದಂತೆ ಎಂದು ವೈದ್ಯರು ಗದರಿದರು.

ಸುದ್ದಿ ತಿಳಿದ ಆಶಾಬಿ ನನ್ನ ಬಾಗಿಲಲ್ಲಿ ನಿಂತು ಸಾರಿದಳು: "ಅಕ್ಕೋರೇ, ಇನ್ನ ನಿಮಗ ಚಾ ಇಲ್ಲಿ ಬರಂಗಿಲ್ರೀ. ಬೇಕಂದ್ರ ನಮ್ಮ ಕಟ್ಟಿಗೆ ಬರ್ರಿ!"

ಬೈದುಕೊಳ್ಳುತ್ತಲೇ ವಾಕರ್ ಹಿಡಿದು ಹೋದೆ. ನೆಲದಲ್ಲಿ ಕೂರಲಾಗದ ನನಗೆ ಕುರ್ಚಿಯೆತ್ತರದ ಆ ಕಟ್ಟೆ ಹೇಳಿ ಮಾಡಿಸಿದಂತಿತ್ತು. ಓಣಿಯ ಹೆಂಗಸರು ಮೆಂತ್ಯೆ ಸೋಸುತ್ತ ಊರ ಸುದ್ದಿಯೆಲ್ಲ ಜಾಲಾಡುವರು. ನಕ್ಕು ನಕ್ಕು ನೋವು ಮರೆತೆ. ನಾಳೆಯೂ ಹೋಗಬೇಕೆಂಬ ಆಸೆಗೇ ಕಾಲು ಸಡಿಲವಾಯಿತು. ವಾಕರ್ ಹೋಗಿ ಕೋಲು ಬಂತು.

ಆಮೇಲೆ ನಿಮ್ಮ ಜೆಸಿಬಿ ಬಂತು. "ಸ್ವಲ್ಪ ತಡೀರಿ, ನಾ ಇಳಿಯೂದು ಹ್ಯಾಂಗ?" ಎಂದು ಬೇಡಿಕೊಂಡೆ. "ಮನ್ಯಾಗ ಆರಾಮ ಮಕ್ಕೊಳ್ರಿ ಅಮ್ಮಾ, ಹೊರಗ್ಯಾಕ ಬರ್ತೀರಿ?" ಎಂದರು ನಿಮ್ಮವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಅಂದಿನಿಂದ ನಿನ್ನೆಯವರೆಗೆ ಒಳಗೇ ಕುಳಿತು ಕಾಲು ಮತ್ತೆ ಬಿಗಿದುಕೊಂಡಿದೆ. ನನಗೆ ಭಯವಾಗುತ್ತಿದೆ, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿದೆ. ರಸ್ತೆಬದಿಯ ಚರಂಡಿಗೆ ಜಾಗ ಬೇಕಾದರೆ ತೆಗೆದುಕೊಳ್ಳಿ. ಅದರ ಮೇಲೆ ಒಂದು ಮೆಟ್ಟಿಲು, ಎದುರಿಗೆ ಕೂರಲು ಒಂದು ಕಲ್ಲು ಹಾಕಿಸಲು ನಿಮಗೆ ಯಾವ ಕಾನೂನು ಅಡ್ಡ ಬಂತು?

ನಿನ್ನೆ ಆಶಾಬಿ ಮತ್ತು ಹೆಂಗಸರು ನೀವು ಕೆಡವಿದ ಕಲ್ಲುಗಳನ್ನೇ ಜೋಡಿಸಿ ನನಗೆ ಮೆಟ್ಟಿಲು ಮಾಡಿದ್ದಾರೆ, ಉಳಿದವುಗಳಲ್ಲಿ ಕಟ್ಟೆ. ಇದು ಮತ್ತೆ ಒತ್ತುವರಿಯೇ, ಒಪ್ಪುತ್ತೇನೆ. ಗಟ್ಟಿಯಾದ ಮೆಟ್ಟಿಲು, ಕಟ್ಟೆಗಳನ್ನು ನೀವು ಕಟ್ಟಿಸಿಕೊಡುವವರೆಗೂ ಅವನ್ನು ತೆಗೆಯುವುದಿಲ್ಲ. ಒಡೆಯಲೇಬೇಕೆಂದಿದ್ದರೆ ಸಂಜೆ ಚಹಾದ ಹೊತ್ತಿಗೆ ಬನ್ನಿ. ಕಟ್ಟೆಯ ಮೇಲೆ ನಾನಿರುತ್ತೇನೆ. ಮೊದಲು ನನ್ನನ್ನು ಎಬ್ಬಿಸಿ ನೋಡಿ.

ಇಂತಿ,
ಏಳಲು ಕಲಿತು, ಈಗ ಏಳಲೊಲ್ಲದ
ಯಶೋಧರಾ, ನಿವೃತ್ತ ಶಿಕ್ಷಕಿ